ಬೆಲ್ಲದ ಸೋಮವಾರಕ್ಕೆ ಮೊದಲು

ಮುಧೋಳ, ಘಟಪ್ರಭೆಯ ದಂಡೆ
ಫೆಬ್ರವರಿ 30, 2187

ನೀಲವ್ವ ಆಯಿಯವರಿಗೆ, ನಿಮ್ಮ ಮೊಮ್ಮಗಳ ಮೊಮ್ಮಗಳ ಮೊಮ್ಮಗಳಾದ ಬನಶ್ರೀ ಮಾಡುವ ಶರಣು ಶರಣಾರ್ಥಿಗಳು.

ಮೇಲಿನ ತಾರೀಖು ನೋಡಿ, ಯಾರೋ ತಲೆ ಕೆಟ್ಟವರು ಬರೆದ ಕಾಗದ ಎಂದು ಒಲೆಗೆ ಹಾಕಬೇಡಿ. ನಿಮ್ಮ ಕಾಲದ ಫೆಬ್ರವರಿಗೆ ಮೂವತ್ತನೆಯ ದಿನ ಇರಲಿಲ್ಲ ಎಂಬುದು ನನಗೆ ಗೊತ್ತು. ಎಂಬತ್ತು ವರ್ಷಗಳ ಹಿಂದೆ ಕ್ಯಾಲೆಂಡರ್ ರಿಪೇರಿಗೆ ಕೂತವರು ಆ ಬಡಪಾಯಿ ತಿಂಗಳಿಗೆ ಎರಡು ದಿನ ಕೂಡಿಸಿಕೊಟ್ಟರು. ಹಾಗೆಯೇ ನಮ್ಮ ಕನ್ನಡವೂ ನಿಮ್ಮ ಕಿವಿಗೆ ಸ್ವಲ್ಪ ಓರೆಯಾಗಿ ಕೇಳಿಸೀತು, ಅದಕ್ಕೆ ಕ್ಷಮೆ ಇರಲಿ. ನೀವು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವರು ಎಂದು ಕೇಳಿದ್ದೇನೆ. ಅದಕ್ಕೇ ಹಳೆಯ ಮಾತುಗಳನ್ನು ಹುಡುಕಿ ಹುಡುಕಿ ಬರೆದಿದ್ದೇನೆ. ಹೊಸ ಮಾತು ಬಂದಲ್ಲಿ ಅದು ಏನೆಂದು ಅಲ್ಲೇ ಹೇಳುತ್ತೇನೆ. ನಿಮ್ಮನ್ನು ಆಯಿ ಎಂದು ಕರೆಯುವುದು ಮಾತ್ರ ನನ್ನ ಸಲಿಗೆ. ಚಿನ್ಮಯಿ ನಿಮ್ಮನ್ನು ಹಾಗೆ ಕರೆಯುತ್ತಾಳಲ್ಲ, ಅವಳು ನನ್ನ ಅಜ್ಜಿಯ ಅಜ್ಜಿ. ಇವತ್ತು ನಿಮ್ಮ ಅಡುಗೆಮನೆಯಲ್ಲಿ ಓಡಾಡಿಕೊಂಡಿರುವ ಒಂಬತ್ತು ವರ್ಷದ ಹುಡುಗಿಗೆ ನಾನು ಅಜ್ಜಿ ಎನ್ನಬೇಕಾಗಿರುವುದು ನನಗೂ ನಗು ತರಿಸುತ್ತದೆ.

ಈ ಕಾಗದವನ್ನು ತಂದದ್ದು ಹಿನ್ನಂಚೆ, ಅಂದರೆ ಹಿಂದಕ್ಕೆ ಹೋಗುವ ಅಂಚೆ. ಒಬ್ಬೊಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ, ಅದೂ ಸ್ವಂತ ರಕ್ತದವರಿಗೆ ಮಾತ್ರ. ತಲುಪಿತೋ ಇಲ್ಲವೋ ಎಂಬ ರಸೀದಿ ಇವತ್ತಿನವರೆಗೆ ಯಾರ ಕೈಗೂ ಬಂದಿಲ್ಲ. ನನ್ನ ಗಂಡ ತನ್ನ ಕಾಗದವನ್ನು ಮುತ್ತಜ್ಜನಿಗೆ ಬರೆದು, ಹಿತ್ತಲಿನ ಮಾವಿನ ಗಿಡ ಕಡಿಯಬೇಡಿ ಎಂದು ಕೈಮುಗಿದು ಕೇಳಿಕೊಂಡ. ಹಿತ್ತಲಲ್ಲಿ ಇವತ್ತಿಗೂ ಗಿಡ ಇಲ್ಲ. ನಾನು ನನ್ನದನ್ನು ಐವತ್ತಾರು ವರ್ಷ ಜೋಪಾನ ಮಾಡಿ ಇಟ್ಟುಕೊಂಡಿದ್ದೆ. ಅಂಚೆಯ ಹುಡುಗಿ, ಕಾಗದ ಎಲ್ಲಿ ಬೀಳಬೇಕು ಎಂದು ಕೇಳಿದಾಗ, ಜೋಳದ ಹಿಟ್ಟಿನ ಡಬ್ಬಿಯೊಳಗೆ ಎಂದು ಬರೆಸಿದೆ. ದಿನಾ ಮುಂಜಾನೆ ಆ ಡಬ್ಬಿಗೆ ಕೈ ಹಾಕುವವರು ನೀವೊಬ್ಬರೇ ಎಂದು ಚಿನ್ಮಯಿ ಬರೆಸಿಟ್ಟಿದ್ದಾಳೆ. ಗುರುವಾರ ಬೀಳಲಿ ಎಂದೂ ಬರೆಸಿದೆ, ಏಕೆಂದರೆ ಸೋಮವಾರಕ್ಕೆ ಮೊದಲು ನೀವು ಇದನ್ನು ಓದಲೇಬೇಕು.

ಬರುವ ಸೋಮವಾರ ನೀವು ಹೊಳೆದಂಡೆಯ ಬಸವಣ್ಣನ ಗುಡಿಯಲ್ಲಿ ಚಿನ್ಮಯಿಯ ತುಲಾಭಾರ ಮಾಡಿಸಲಿದ್ದೀರಿ. ನಾಲ್ಕು ಪೆಂಟಿ ಬೆಲ್ಲ ಆಗಲೇ ತರಿಸಿ ಪಡಸಾಲೆಯಲ್ಲಿ ಇಟ್ಟಿದ್ದೀರಿ, ಒಂದೊಂದೂ ಹತ್ತು ಕಿಲೋದ್ದು. ಇರುವೆ ಬಾರದಿರಲಿ ಎಂದು ಸುತ್ತಲೂ ಅರಿಶಿನ ಎರಚಿದ್ದೀರಿ. ಹರಕೆ ಬಿಡಿ ಎಂದು ಹೇಳಲು ನಾನು ಬರೆಯುತ್ತಿಲ್ಲ. ಹಾಗೆ ಹೇಳಿದರೆ ನೀವು ಕಾಗದವನ್ನು ಇಲ್ಲಿಗೇ ಮಡಚಿಬಿಡುತ್ತೀರಿ, ಅಷ್ಟು ನಿಮ್ಮ ರಕ್ತ ನನ್ನಲ್ಲೂ ಇದೆ.

ಹರಕೆ ಹೊತ್ತ ದಿನ ನಿಮಗೆ ಮರೆತಿರಲಾರದು. ಚಿನ್ಮಯಿ ಏಳೇ ತಿಂಗಳಿಗೆ ಹುಟ್ಟಿದಳು, ಒಂದು ಕಿಲೋ ಎರಡು ನೂರು ಗ್ರಾಂ. ಹೆತ್ತವಳು, ನಿಮ್ಮ ಸೊಸೆ ಸುನಂದಾ, ಜ್ವರದಲ್ಲಿ ಮಲಗಿದ್ದಳು. ಕೂಸನ್ನು ಎದೆಗೆ ಅಪ್ಪಿಕೊಂಡು ಮೈಕಾವು ಕೊಡುತ್ತ ಹನ್ನೊಂದು ದಿನ ಆಸ್ಪತ್ರೆಯಲ್ಲಿ ಕೂತವರು ನೀವು. "ಯಪ್ಪಾ ಬಸವಣ್ಣ, ಈ ಕೂಸನ್ನ ಉಳಿಸಿಕೊಡು, ಆಕಿ ತೂಕದಷ್ಟ ಬೆಲ್ಲ ನಿನಗ ಕೊಡ್ತೀನಿ" ಎಂದು ನೀವು ಅಂದದ್ದು ನಮ್ಮ ಮನೆಯಲ್ಲಿ ಐದು ತಲೆಮಾರಿನಿಂದ ಬಾಯಿಂದ ಬಾಯಿಗೆ ಬಂದಿದೆ. ಕೂಸು ಉಳಿಯಿತು. ವರ್ಷ ತುಂಬಿದಾಗಲೇ ತುಲಾಭಾರ ಆಗಬೇಕಿತ್ತು. ಆದರೆ ಆಗ ಅವಳ ತೂಕ ಏಳು ಕಿಲೋ. ಮಗಳಿನಂಥ ಮೊಮ್ಮಗಳನ್ನು ಉಳಿಸಿಕೊಟ್ಟ ದೇವರ ಮುಂದೆ ಒಂದು ಪೆಂಟಿಗೂ ಕಡಿಮೆ ಬೆಲ್ಲ ಇಡುವುದಕ್ಕೆ ನಿಮಗೆ ಮನಸ್ಸು ಬರಲಿಲ್ಲ. "ಇಷ್ಟಕ್ಕ ಮುಗಸಿದ್ರ ಬಸವಣ್ಣ ಏನಂದಾನು, ಇನ್ನಷ್ಟು ಮೈ ಹಿಡೀಲಿ ತಡಿ" ಎಂದಿರಿ. ಮರುವರ್ಷವೂ ಹಾಗೇ ಅಂದಿರಿ. ಆಮೇಲೆ ಎರಡು ವರ್ಷ ಆ ರೋಗ ಬಂದು ಗುಡಿಗಳೇ ಮುಚ್ಚಿದವು. ಗುಡಿ ತೆರೆದ ಮೇಲೂ ವರ್ಷ ವರ್ಷ ಮುಂದೆ ಹಾಕುತ್ತಲೇ ಬಂದಿರಿ. ಅಷ್ಟರಲ್ಲಿ ಹುಡುಗಿ ಮೈ ಹಿಡಿದಳು, ಇನ್ನೂ ಹಿಡಿದಳು, ನೀವು ಬಡಿಸಿದ್ದೆಲ್ಲ ದೇವರಿಗೆ ಸಲ್ಲುವ ಬೆಲ್ಲ ಎಂಬ ಹಿಗ್ಗಿನಲ್ಲೇ ಬಡಿಸಿದಿರಿ. ಮುಂಜಾನೆ ಚಹಾದಲ್ಲಿ ಅದ್ದಿ ಒಂದು ಪೊಟ್ಟಣ ಬಿಸ್ಕಿಟ್, ಶಾಲೆಗೆ ಸಿಹಿ ಮಾದಲಿ, ಬಂದ ಕೂಡಲೇ ತುಪ್ಪ ಬೆಲ್ಲ ಕಲಸಿದ ರೊಟ್ಟಿ, ಕೈಯಲ್ಲಿ ಫೋನು, ಫೋನು ನೋಡುತ್ತಿದ್ದವಳ ಬಾಯಿಗೆ ನಿಮ್ಮ ಕೈತುತ್ತು. "ಇನ್ನೊಂದ ತುತ್ತು, ನಮ್ಮವ್ವಾ" ಎನ್ನುವ ನಿಮ್ಮ ದನಿಯನ್ನು ಅವಳು ಮುದುಕಿಯಾದ ಮೇಲೂ ಅನುಕರಿಸಿ ತೋರಿಸುತ್ತಿದ್ದಳಂತೆ.

ಈಗ ನಿಮಗೆ ಹೇಳಲೇಬೇಕಾದದ್ದನ್ನು ಹೇಳುತ್ತೇನೆ. ಬೈಗುಳ ಎಂದು ತಿಳಿಯಬೇಡಿ. ಸೋಮವಾರ ಏನಾಯಿತು ಎಂಬುದು ನನಗೆ ಗೊತ್ತು. ಹೆಂಗಸರು ಆರತಿ ಹಿಡಿದು ನಿಂತಿದ್ದರು. ಚಿನ್ಮಯಿ ಹೊಸ ಹಸಿರು ಲಂಗ ಉಟ್ಟು ತಕ್ಕಡಿಯಲ್ಲಿ ಕೂತಳು. ನಾಲ್ಕು ಪೆಂಟಿ ಇಟ್ಟರೂ ಅವಳ ಕಡೆಯ ತಟ್ಟೆ ನೆಲ ಬಿಡಲಿಲ್ಲ. ಬೆಲ್ಲದಂಗಡಿಯ ಸಿದ್ರಾಮಣ್ಣ ಅಲ್ಲೇ ಇದ್ದವನು, "ಏ, ಇನ್ನೊಂದ ಪೆಂಟಿ ತರ್ರೆಪಾ, ಹುಡುಗಿ ಮ್ಯಾಲ ಏಳವಲ್ಲಳು!" ಎಂದು ಕೂಗಿದ. ಅಂಗಡಿಗೆ ಓಡಿದರು. ಐದನೆಯದು ಬಂತು, ಸಾಲಲಿಲ್ಲ, ಮತ್ತೆ ಓಡಿದರು. ಒಂದೊಂದು ಪೆಂಟಿ ಬಿದ್ದಾಗಲೂ ನೆರೆದವರು ಒಟ್ಟಿಗೆ ಎಣಿಸಿದರು, ನಕ್ಕರು, ಚಪ್ಪಾಳೆ ತಟ್ಟಿದರು. ಇಪ್ಪತ್ತು ನಿಮಿಷ ಅವಳು ತಟ್ಟೆಯಲ್ಲೇ ಕೂತಿದ್ದಳು. ಕಡೆಗೆ ಆರನೆಯದನ್ನು ಒಡೆದು ಚೂರು ಚೂರಾಗಿ ಹಾಕಿದಾಗ ಐವತ್ತಮೂರು ಕಿಲೋಗೆ ತಟ್ಟೆ ಎದ್ದಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ನೀವು, ಆಯಿ. ನೀವು ಏಕೆ ನಕ್ಕಿರಿ ಎಂಬುದು ನನಗೆ ಚೆನ್ನಾಗಿ ಗೊತ್ತು. ಅಂಗೈಯಲ್ಲಿ ಹಿಡಿಸುತ್ತಿದ್ದ ಕೂಸು ಐದು ಪೆಂಟಿಯನ್ನು ಮೀರಿ ಕೂತಿದೆ, ದೇವರು ಮಾತು ಉಳಿಸಿಕೊಂಡ ಎಂಬ ಸಂತೋಷ ಅದು. ನಿಮ್ಮ ಕಣ್ಣಲ್ಲಿ ನೀರೂ ಇತ್ತಂತೆ.

ಚಿನ್ಮಯಿ ಅದನ್ನು ಬೇರೆ ರೀತಿಯಲ್ಲಿ ಕೇಳಿಸಿಕೊಂಡಳು. ಅವಳು ಮುಂದೆ ಮಗಳ ಕೈಯಿಂದ ಬರೆಸಿದ ಒಂದು ನೋಟುಬುಕ್ಕು ನಮ್ಮ ಮನೆಯಲ್ಲಿದೆ. ಅದರ ಮಾತನ್ನು ಹಾಗೆಯೇ ಇಳಿಸುತ್ತೇನೆ. "ಯಾರೂ ನನಗ ಬೈಲಿಲ್ಲ. ಬೈದಿದ್ರ ಅತ್ತು ಬಿಡತಿದ್ದೆ. ಎಲ್ಲಾರೂ ಖುಷೀಲೆ ನಗತಿದ್ರು. ಆಯಿನೂ ನಕ್ಕಳು. ನಾ ಮಂದಿ ನಗೂ ಅಂಥಾಕಿ ಅಂತ ಅವತ್ತ ಗೊತ್ತಾತು." ಆ ಸೋಮವಾರದ ನಂತರ ಅವಳು ಯಾವ ತಕ್ಕಡಿಯನ್ನೂ ಹತ್ತಲಿಲ್ಲ. ಶಾಲೆಯಲ್ಲಿ ತೂಕ ನೋಡುವ ದಿನ ಹೊಟ್ಟೆನೋವು ಎಂದಳು. ದೊಡ್ಡವಳಾದ ಮೇಲೆ ಆಸ್ಪತ್ರೆಗಳಿಗೂ ಹೋಗಲಿಲ್ಲ, ಯಾಕೆಂದರೆ ಬಾಗಿಲ ಬಳಿಯೇ ತೂಕದ ಯಂತ್ರ ಇರುತ್ತಿತ್ತು. ಮಂದಿಯ ಮುಂದೆ ಉಣ್ಣುವುದನ್ನು ಬಿಟ್ಟಳು, ಯಾರೂ ಇಲ್ಲದಾಗ ಎರಡರಷ್ಟು ಉಂಡಳು. ಇಪ್ಪತ್ತೆಂಟಕ್ಕೆ ಹೆರಿಗೆಯೂ ಮನೆಯಲ್ಲೇ ಆಯಿತು. ರಕ್ತದಲ್ಲಿ ಸಕ್ಕರೆ ಯಾವಾಗ ಏರಿತೋ ಯಾರಿಗೂ ತಿಳಿಯಲಿಲ್ಲ, ಅಳೆಯಲು ಅವಳು ಕೈ ಕೊಡಲೇ ಇಲ್ಲ. ನಲವತ್ತಮೂರನೆಯ ವಯಸ್ಸಿಗೆ ಅವಳ ಎರಡೂ ಕಣ್ಣು ಹೋದವು. ನೋಟುಬುಕ್ಕನ್ನು ಮಗಳ ಕೈಯಿಂದ ಬರೆಸಿದ್ದು ಅದಕ್ಕೇ.

ಇಲ್ಲಿ ಒಂದು ಗಳಿಗೆ ಕಾಗದ ಪಕ್ಕಕ್ಕಿಡಿ. ಸ್ವಲ್ಪ ನೀರು ಕುಡಿಯಿರಿ. ಇದು ಇನ್ನೂ ಆಗಿಲ್ಲ, ನಿಮ್ಮ ಪಡಸಾಲೆಯಲ್ಲಿ ಬೆಲ್ಲ ಹಾಗೇ ಇದೆ, ಹುಡುಗಿ ಶಾಲೆಯಿಂದ ಬರಲು ಇನ್ನೂ ಹೊತ್ತಿದೆ. ಅಷ್ಟರಲ್ಲಿ ನಮ್ಮ ಕಾಲದ ವಿಷಯ ಹೇಳುತ್ತೇನೆ, ನಿಮಗೂ ಉಸಿರು ಹದಕ್ಕೆ ಬರಲಿ.

ನಮ್ಮ ಮುಧೋಳ ನಿಮ್ಮದಕ್ಕಿಂತ ಬಿಸಿಯಾದ ಊರು. ಬೇಸಿಗೆಯಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಯಾರೂ ಹೊರಗೆ ಕಾಲಿಡುವುದಿಲ್ಲ, ಅದಕ್ಕೆ ಬಿಸಿಲುಬಿಡುವು ಎನ್ನುತ್ತೇವೆ. ಶಾಲೆ ನಸುಕಿನಲ್ಲಿ ಶುರುವಾಗಿ ಹತ್ತೂವರೆಗೆ ಮುಗಿಯುತ್ತದೆ. ಸಂಜೆ ಐದರಿಂದ ಏಳರವರೆಗೆ ಓಣಿಗಳಲ್ಲಿ ಒಂದು ಗಾಡಿಯೂ ಓಡಕೂಡದು. ಓಣಿಯ ಎರಡೂ ತುದಿಗೆ ಹಗ್ಗ ಕಟ್ಟುತ್ತಾರೆ, ಆ ಎರಡು ಗಂಟೆಗೆ ಹಗ್ಗದಾಟ ಎಂದೇ ಹೆಸರು. ಹಗ್ಗ ಬಿಚ್ಚುವ ಮೊದಲು ಗಾಡಿ ತಂದವನು ಇಡೀ ಓಣಿಯ ಮಕ್ಕಳ ಜೊತೆ ಒಂದು ಸುತ್ತು ಓಡಬೇಕು, ಅದು ನಮ್ಮ ದಂಡ. ಹೋದ ವಾರ ನಮ್ಮ ಡಾಕ್ಟರೇ ಸಿಕ್ಕಿಬಿದ್ದು ಏದುಸಿರು ಬಿಡುತ್ತ ಓಡಿದರು. ಶಾಲೆಯಿಂದ ಕೂಗಳತೆಯ ದೂರದಲ್ಲಿ ಬಾಟಲಿಯ ಸಿಹಿನೀರು, ಕರಿದ ತಿಂಡಿಯ ಪೊಟ್ಟಣ ಮಾರುವಂತಿಲ್ಲ. ಬೇರೆ ಕಡೆ ಮಾರಿದರೂ ಅಂಥ ತಿಂಡಿಯ ಮೇಲೆ ಚಿತ್ರ, ಬಣ್ಣ ಏನೂ ಇರಬಾರದು, ಮಣ್ಣಿನ ಬಣ್ಣದ ಕಾಗದ ಅಷ್ಟೇ. ಅದನ್ನು ಮಣ್ಣುಪೊಟ್ಟಣ ಎನ್ನುತ್ತಾರೆ. ಕದ್ದು ತಿನ್ನುವವರು ನಮ್ಮಲ್ಲೂ ಇದ್ದಾರೆ, ನನ್ನ ಕಪಾಟಿನಲ್ಲೂ ಒಂದು ಇದೆ. ಆದರೆ ಮೂರು ವರ್ಷದ ಮಗು ಅಂಗಡಿಯ ಮುಂದೆ ನೆಲಕ್ಕೆ ಬಿದ್ದು ಅತ್ತು ಬೇಡುವ ವಸ್ತು ಅದಲ್ಲ. ಜೋಳದ ರೊಟ್ಟಿ, ಕಾಳುಪಲ್ಲೆ, ಹಸಿ ಮೂಲಂಗಿ, ಶೇಂಗಾ ಚಟ್ನಿ ಇನ್ನೂ ಇವೆ. ಹೋಳಿಗೆಯೂ ಇದೆ, ಆಯಿ. ಹಬ್ಬಕ್ಕೆ ಮಾಡುತ್ತೇವೆ, ಎಲ್ಲರೂ ಉಣ್ಣುತ್ತೇವೆ, ದಪ್ಪಗಿದೆ ಎಂದು ಒಂದು ಮಗುವಿನ ತಾಟಿಗೆ ಮಾತ್ರ ಕೈ ಅಡ್ಡ ಹಿಡಿಯುವುದಿಲ್ಲ.

ಮಕ್ಕಳು ಏಕೆ ಮಿತಿಮೀರಿ ದಪ್ಪಗಾಗುತ್ತಾರೆ ಎಂಬುದು ನಮಗೆ ಈಗ ಬಹುಮಟ್ಟಿಗೆ ತಿಳಿದಿದೆ. ನಿಮ್ಮ ಕಾಲದ ಒಳ್ಳೆಯ ಡಾಕ್ಟರುಗಳಿಗೂ ಇದರಲ್ಲಿ ಬಹಳಷ್ಟು ತಿಳಿದೇ ಇತ್ತು, ಕೇಳಿಸಿಕೊಳ್ಳುವವರು ಕಡಿಮೆ ಇದ್ದರು. ಉಣ್ಣುವಾಗ ಹೊಟ್ಟೆಯಿಂದ ತಲೆಗೆ ಸಾಕು ಎಂಬ ಸುದ್ದಿ ಹೋಗುತ್ತದೆ. ಅದಕ್ಕೆ ನಾವು ಸಾಕುದನಿ ಎನ್ನುತ್ತೇವೆ. ಕೆಲವರಿಗೆ ಹುಟ್ಟಿನಿಂದಲೇ ಅದು ಸಣ್ಣದು, ನಮ್ಮ ವಂಶದಲ್ಲಿ ಹಾಗೇ ಇದೆ, ನನಗೂ ಹಾಗೇ. ಫೋನು ನೋಡುತ್ತ ಉಣ್ಣುವ ಮಗುವಿಗೆ ಅದು ಕೇಳಿಸುವುದೇ ಇಲ್ಲ. ನಿದ್ದೆ ಕಡಿಮೆಯಾದರೆ ಇನ್ನೂ ಕುಗ್ಗುತ್ತದೆ. ಇನ್ನು, ಹೊಟ್ಟೆಯಲ್ಲಿದ್ದಾಗ ಕಡಿಮೆ ಸಿಕ್ಕ ಕೂಸಿನ ಮೈ ಸಿಕ್ಕಿದ್ದನ್ನೆಲ್ಲ ಕೂಡಿಡುವುದನ್ನು ಕಲಿತೇ ಹುಟ್ಟಿರುತ್ತದೆ. ಅಂಥ ಕೂಸಿಗೆ ಆಮೇಲೆ ಗಡಿಬಿಡಿಯಲ್ಲಿ ತುರುಕಿದರೆ ಅದು ಕೂಡಿಡುತ್ತಲೇ ಹೋಗುತ್ತದೆ. ಚಿನ್ಮಯಿ ಹೊಟ್ಟೆಬಾಕಿಯಲ್ಲ, ಸೋಮಾರಿಯೂ ಅಲ್ಲ. ನೀವು ಪ್ರೀತಿಯಿಂದ ಮಾಡಿದ್ದನ್ನು ಅವಳ ಮೈ ತನಗೆ ತಿಳಿದಂತೆ ಮಾಡಿಕೊಂಡಿತು.

ನಮ್ಮಲ್ಲಿ ಇಂಥ ಮಗುವಿಗೆ ಡಾಕ್ಟರ ಜೊತೆಗೆ ಒಬ್ಬ ಜೊತೆಗಾರ್ತಿ ಇರುತ್ತಾಳೆ. ಮೂವತ್ತು ವರ್ಷದಿಂದ ನನ್ನ ಕೆಲಸ ಅದೇ. ವಾರಕ್ಕೆ ಎರಡು ದಿನ ಮಗುವಿನ ಮನೆಗೆ ಹೋಗಿ, ಅವರ ಜೊತೆ ಅಡುಗೆ ಮಾಡಿ, ಉಂಡು, ಹಗ್ಗದಾಟಕ್ಕೆ ಇಳಿದು ಬರುವುದು. ಮಗುವಿಗೆಂದು ಬೇರೆ ಅಡುಗೆ ಇಲ್ಲ, ಮನೆಯವರೆಲ್ಲ ಉಣ್ಣುವುದೇ ಬದಲಾಗಬೇಕು. ಮೊದಮೊದಲು ಅಪ್ಪಂದಿರು ಮುಖ ಸಿಂಡರಿಸುತ್ತಾರೆ, ಆಮೇಲೆ ತಮ್ಮ ಹೊಟ್ಟೆ ಇಳಿದದ್ದನ್ನು ಊರಿಗೆಲ್ಲ ತೋರಿಸಿಕೊಂಡು ಬರುತ್ತಾರೆ. ಬೆಳೆಯುವ ಮಗುವಿಗೆ ಉಪವಾಸ ಹಾಕುವುದಿಲ್ಲ. ಹೆಚ್ಚಿನ ಮಕ್ಕಳ ತೂಕ ಇಳಿಯಬೇಕೆಂದೂ ಇಲ್ಲ, ಇದ್ದಲ್ಲೇ ನಿಂತರೆ ಸಾಕು, ಎತ್ತರ ತಾನಾಗಿ ಬಂದು ಹೊಂದಿಕೊಳ್ಳುತ್ತದೆ. ಸಾಕುದನಿ ತೀರ ಸಣ್ಣದಾಗಿದ್ದರೆ ಡಾಕ್ಟರು ಅದಕ್ಕೆ ಔಷಧಿ ಕೊಡುತ್ತಾರೆ. ಕನ್ನಡಕ ಹಾಕಿಕೊಂಡ ಮಗುವನ್ನು ಯಾರೂ ಬೈಯುವುದಿಲ್ಲವಲ್ಲ, ಆ ಔಷಧಿಯೂ ಅಷ್ಟೇ.

ತೂಕ ನೋಡುವುದಕ್ಕೆ ನಮ್ಮಲ್ಲಿ ಕೂಡುಕಟ್ಟೆ ಎಂಬುದಿದೆ. ಆಸ್ಪತ್ರೆಯ ಅಂಗಳದಲ್ಲಿ ನೆಲಕ್ಕೆ ಕೂಡಿಸಿದ ಒಂದು ಅಗಲ ಹಲಗೆ. ಮನೆಮಂದಿಯೆಲ್ಲ ಒಟ್ಟಿಗೆ ಅದರ ಮೇಲೆ ಹತ್ತಿ ನಿಲ್ಲಬೇಕು, ಅಜ್ಜ ಅಜ್ಜಿ, ತೊಡೆಯ ಕೂಸು, ಒಮ್ಮೊಮ್ಮೆ ಬೆಕ್ಕು. ಯಾರು ಎಷ್ಟು ಎಂಬುದು ಕಟ್ಟೆಗೆ ತಿಳಿಯುತ್ತದೆ, ಡಾಕ್ಟರಿಗೆ ತಿಳಿಸುತ್ತದೆ, ಅಂಗಳದಲ್ಲಿ ಬಾಯಿ ಬಿಡುವುದಿಲ್ಲ. ಒಂದು ಮಗುವನ್ನು ಒಂಟಿಯಾಗಿ ತಕ್ಕಡಿಗೆ ಹತ್ತಿಸುವುದು ನಮ್ಮಲ್ಲಿ ಮರ್ಯಾದೆಗೆಟ್ಟ ಕೆಲಸ. ಈ ಪದ್ಧತಿ ಶುರುವಾದದ್ದು ನಮ್ಮ ಮನೆಯಿಂದ. ಚಿನ್ಮಯಿಯ ಮಗಳು ಶಾಂಭವಿ ನರ್ಸ್ ಆಗಿದ್ದಳು. ಅವ್ವನ ನೋಟುಬುಕ್ಕು ಬರೆದು ಮುಗಿಸಿದ ವಾರವೇ ಅವಳು ಬೆಲ್ಲದ ಮಾರುಕಟ್ಟೆಯಲ್ಲಿ ಮೂಲೆಗೆ ಬಿದ್ದಿದ್ದ ತೂಕದ ದೊಡ್ಡ ಹಲಗೆಯೊಂದನ್ನು ಗಾಡಿಯಲ್ಲಿ ಹೇರಿಕೊಂಡು ಬಂದು ತನ್ನ ದವಾಖಾನೆಯಲ್ಲಿ ಹಾಕಿಸಿದಳು. ಮೊದಲು ಅದರ ಮೇಲೆ ನಿಂತವಳು ಕುರುಡಿ ಚಿನ್ಮಯಿ, ಮಗಳ ಭುಜ ಹಿಡಿದುಕೊಂಡು. ಒಂಬತ್ತನೆಯ ವಯಸ್ಸಿನ ನಂತರ ಅವಳು ತೂಕಕ್ಕೆ ನಿಂತದ್ದು ಅದೇ ಮೊದಲು.

ಇಷ್ಟೆಲ್ಲ ತಿಳಿದ ನಾವು ತಪ್ಪು ಮಾಡುವುದಿಲ್ಲ ಎಂದುಕೊಳ್ಳಬೇಡಿ. ಹೋದ ಮಳೆಗಾಲದಲ್ಲಿ ತಾರಿಣಿ ಎಂಬ ಹನ್ನೆರಡರ ಹುಡುಗಿಗೆ ನಾನು ಜೊತೆಗಾರ್ತಿಯಾಗಿದ್ದೆ. ಎಂಟು ತಿಂಗಳಲ್ಲಿ ಅವಳು ಎರಡು ಬೆರಳು ಎತ್ತರ ಬೆಳೆದಿದ್ದಳು, ತೂಕ ಇದ್ದಲ್ಲೇ ನಿಂತಿತ್ತು. ಅದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಇಲ್ಲ. ಅವತ್ತು ನನಗೆ ದಣಿವಾಗಿತ್ತು, ಡಾಕ್ಟರು ಕೊಟ್ಟ ತೂಕದ ಚೀಟಿ ನೋಡಿ, "ಅಯ್ಯ, ಚೂರೂ ಕಡಿಮಿ ಆಗಿಲ್ಲಲ್ಲ!" ಎಂದು ಸುಮ್ಮನೆ ನಗೆಯಾಡಿಬಿಟ್ಟೆ. ಹುಡುಗಿ ಹಿಂದೆಯೇ ನಿಂತಿದ್ದಳು. ಮರುವಾರದಿಂದ ಕೋಣೆಯ ಬಾಗಿಲು ಹಾಕಿಕೊಂಡಳು. ನಲವತ್ತು ಸಂಜೆ ನಾನು ಆ ಬಾಗಿಲ ಹೊರಗೆ ಕೂತು, ಒಮ್ಮೆ ಕ್ಷಮೆ ಕೇಳುತ್ತ, ಒಮ್ಮೆ ಸುಮ್ಮನೆ ಶೇಂಗಾ ಸುಲಿಯುತ್ತ ಕಾಲ ಕಳೆದೆ. ನಲವತ್ತೊಂದನೆಯ ಸಂಜೆ ಅವಳು ಬಾಗಿಲು ತೆರೆದು, "ಶೇಂಗಾ ಕೊಡ್ರಿ" ಎಂದಳು. ನನಗೆ ಅಳು ತಡೆಯಲಾಗಲಿಲ್ಲ. ಅವತ್ತು ಮನೆಗೆ ನಡೆದು ಬರುವಾಗ ಚಿನ್ಮಯಿಯ ನೆನಪಾಯಿತು. ಅವಳ ಬಾಗಿಲ ಹೊರಗೆ ಯಾರೂ ಕೂರಲಿಲ್ಲ, ಅವಳು ಬಾಗಿಲು ಹಾಕಿಕೊಂಡದ್ದೇ ಯಾರಿಗೂ ಗೊತ್ತಾಗಿರಲಿಲ್ಲ. ಮರುದಿನವೇ ಹಿನ್ನಂಚೆಗೆ ಹೋಗಿ ಹೆಸರು ಬರೆಸಿದೆ.

ಆದ್ದರಿಂದ ಆಯಿ, ನನ್ನವು ಎರಡು ಬೇಡಿಕೆ. ಮೊದಲನೆಯದು ಚಿನ್ಮಯಿಯ ಕುತ್ತಿಗೆಯದು. ಹಿಂಬದಿಯಲ್ಲಿ ಕಪ್ಪಗೆ, ದಪ್ಪಗೆ, ಮಡಿಕೆಯಾಗಿ ಒಂದು ಪಟ್ಟೆ ಬಂದಿದೆಯಲ್ಲ, ಭಾನುವಾರ ಭಾನುವಾರ ನೀವು ಅದಕ್ಕೆ ಕಡಲೆಹಿಟ್ಟು ಹಚ್ಚಿ, ಲಿಂಬೆ ಹಿಂಡಿ, ಸಾಲದೆಂದು ಕಲ್ಲಿನಿಂದ ತಿಕ್ಕುತ್ತೀರಿ. ಸುನಂದಾ ಒಮ್ಮೆ, "ಅತ್ತಿ, ಡಾಕ್ಟರಿಗೆ ತೋರಸೂಣ್ರಿ" ಎಂದಾಗ, "ಹೊಲಸದು, ತಿಕ್ಕಿದ್ರ ಹೋಗ್ತೈತಿ" ಎಂದು ಬಾಯಿ ಮುಚ್ಚಿಸಿದಿರಿ. ಅದು ಹೊಲಸಲ್ಲ. ಮೈಯೊಳಗೆ ಸಕ್ಕರೆಯ ಹಿಡಿತ ತಪ್ಪುತ್ತಿದೆ ಎಂದು ಚರ್ಮ ಹೊರಗೆ ಬಂದು ಹೇಳುತ್ತಿರುವ ಗುರುತು ಅದು. ಈಗ ನೋಡಿಕೊಂಡರೆ ತಿರುಗಿಸಬಹುದು. ಈ ಭಾನುವಾರ ಕಲ್ಲು ಕೆಳಗಿಡಿ, ಸೊಸೆಯ ಮಾತು ಕೇಳಿ, ಮಕ್ಕಳ ಡಾಕ್ಟರಿಗೆ ತೋರಿಸಿ. ತಿಕ್ಕಿಸಿಕೊಳ್ಳುವಾಗ ಅವಳು ಹಲ್ಲು ಕಚ್ಚಿ ಸುಮ್ಮನೆ ಕೂರುತ್ತಾಳಲ್ಲ, ಉರಿ ಇಲ್ಲವೆಂದಲ್ಲ, ನಿಮಗೆ ಬೇಸರವಾದೀತೆಂದು.

ಎರಡನೆಯದನ್ನು ಕೇಳುವ ಮೊದಲು ನಿಮ್ಮ ಮನಸ್ಸಿನಲ್ಲಿ ಏಳಬಹುದಾದ ಒಂದು ಪ್ರಶ್ನೆಗೆ ಉತ್ತರಿಸುತ್ತೇನೆ. ನಾನು ಕೇಳಿದಂತೆ ನೀವು ಮಾಡಿದರೆ ಚಿನ್ಮಯಿಯ ಕಣ್ಣು ಉಳಿಯುತ್ತದೆ, ನೋಟುಬುಕ್ಕು ಹುಟ್ಟುವುದಿಲ್ಲ, ಶಾಂಭವಿ ಹಲಗೆ ಹೇರಿಕೊಂಡು ಬರುವುದಿಲ್ಲ. ಆಗ ಕೂಡುಕಟ್ಟೆ ಎಲ್ಲಿಂದ ಬಂತು, ಇದನ್ನು ಬರೆದ ಬನಶ್ರೀ ಎಲ್ಲಿಂದ ಬಂದಳು? ಹಿನ್ನಂಚೆಯವರು ಈ ಪ್ರಶ್ನೆಗೆ ಒಂದು ಕಟ್ಟು ಕಾಗದ ಕೊಡುತ್ತಾರೆ, ಓದಿದರೆ ತಲೆ ತಿರುಗುತ್ತದೆ, ನಾನು ಓದದೆ ಸಹಿ ಹಾಕಿದೆ. ನನಗೆ ಐವತ್ತಾರು ಆಯಿತು, ಉಂಡಿದ್ದೇನೆ, ನಕ್ಕಿದ್ದೇನೆ, ನೂರಾ ಹನ್ನೊಂದು ಮಕ್ಕಳ ಜೊತೆ ಓಣಿಯಲ್ಲಿ ಓಡಿದ್ದೇನೆ. ಒಂದು ಮಗುವಿನ ಎರಡು ಕಣ್ಣಿಗೆ ಪ್ರತಿಯಾಗಿ ನಾನು ಇಲ್ಲದೆ ಹೋದರೆ ಅದರಲ್ಲಿ ನನಗೆ ನಷ್ಟ ಕಾಣುವುದಿಲ್ಲ. ಕೂಡುಕಟ್ಟೆಯ ಚಿಂತೆಯಂತೂ ನನಗಿಲ್ಲ. ಏಕೆಂದರೆ ಸೋಮವಾರ ನೀವೇ ಅದನ್ನು ಶುರು ಮಾಡುತ್ತೀರಿ.

ಹರಕೆ ತೀರಿಸಿ. ಗುಡಿಗೆ ಹೋಗಿ, ಹಸಿರು ಲಂಗ ಉಡಿಸಿ, ಆರತಿ ಮಾಡಿಸಿ. ನಾಲ್ಕು ಪೆಂಟಿ ಸಾಲವು, ಹತ್ತು ಹನ್ನೆರಡು ತರಿಸಿಟ್ಟುಕೊಳ್ಳಿ. ಬಸವಣ್ಣನಿಗೆ ಹೆಚ್ಚು ಬೆಲ್ಲ ಸಂದರೆ ಅವನೇನು ಬೇಡ ಎನ್ನುವುದಿಲ್ಲ, ಹೆಚ್ಚು ಕೊಡಬೇಕೆಂದು ತಾನೆ ನೀವು ಇಷ್ಟು ವರ್ಷ ಕಾದದ್ದು. ಆಮೇಲೆ ಏನು ಮಾಡಬೇಕು ಎಂಬುದನ್ನು ನಾನು ಹೇಳುವುದಕ್ಕಿಂತ ಅವಳೇ ಹೇಳಿದರೆ ಚೆಂದ. ನೋಟುಬುಕ್ಕಿನ ಕಡೆಯ ಪುಟದಲ್ಲಿ, ಕಣ್ಣಿಲ್ಲದ ಅರವತ್ತೊಂದರ ಮುದುಕಿ, ಐವತ್ತೆರಡು ವರ್ಷ ಹಿಂದಿನ ಆ ಇಪ್ಪತ್ತು ನಿಮಿಷವನ್ನು ನೆನೆದು ಬರೆಸಿದ ಮಾತು ಇದು. "ಆಯಿ ಮ್ಯಾಲ ನನಗ ಸಿಟ್ಟಿಲ್ಲ. ತಕ್ಕಡಿ ಭಾಳ ದೊಡ್ಡದಿತ್ತು. ನನ್ನ ಬಾಜೂಕ ಇನ್ನೊಬ್ಬರು ಕುಂಡ್ರುವಷ್ಟ ಜಾಗ ಇತ್ತು. ಆಯಿ ಬರ್ತಾಳ ಅಂತ ನಾ ಒಂದೀಟ ಸರದು ಕುಂತಿದ್ದೆ."

ಅವಳು ಸರಿದು ಕೂತಿರುತ್ತಾಳೆ, ಆಯಿ. ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ.

ನಿಮ್ಮ,
ಬನಶ್ರೀ